ವಿಂಟೇಜ್ ವಿನ್ಯಾಸಕ ಚಿನ್ನಾಭರಣ

ಹೆಸರಾಂತ ಆಭರಣ ಸಂಸ್ಥೆಯೊಂದು ಅಥವಾ ವಿನ್ಯಾಸಕಾರರೊಬ್ಬರು ಕೆಲವು ದಶಕಗಳ ಹಿಂದೆ ರೂಪಿಸಿ, ತಮ್ಮ ಮುದ್ರೆಯೊತ್ತಿ ಮಾರಿದ, ಈಗ ಕೈಯಿಂದ ಕೈಗೆ ದಾಟಿ ಮತ್ತೆ ಮಾರುಕಟ್ಟೆಗೆ ಬರುವ ಚಿನ್ನದ ಒಡವೆಯನ್ನು ವಿಂಟೇಜ್ ವಿನ್ಯಾಸಕ ಚಿನ್ನಾಭರಣ ಎನ್ನುತ್ತಾರೆ. ಪ್ಯಾರಿಸ್, ಲಂಡನ್, ರೋಮ್, ಮಿಲಾನ್ ಮತ್ತು ನ್ಯೂಯಾರ್ಕ್ ನಗರಗಳು ಇದರ ತವರು. ಇದರ ಬೆಲೆ ಚಿನ್ನದ ತೂಕವೊಂದನ್ನೇ ಅವಲಂಬಿಸುವುದಿಲ್ಲ. ಮಾಡಿದವರು ಯಾರು, ಯಾವ ಕಾಲದ್ದು, ಮೂಲರೂಪ ಎಷ್ಟು ಉಳಿದಿದೆ ಎಂಬುದೂ ಬೆಲೆಯನ್ನು ನಿರ್ಧರಿಸುತ್ತದೆ. ಒಡವೆಯನ್ನು ತಕ್ಕಡಿಯಲ್ಲಿಟ್ಟೇ ಅಳೆಯುವ ರೂಢಿಯಿರುವ ನಮ್ಮ ಓದುಗರು ಈ ವ್ಯತ್ಯಾಸವನ್ನು ಮೊದಲು ತಿಳಿಯುವುದು ಒಳ್ಳೆಯದು.

ಪದಗಳ ಬಳಕೆ

ನೂರು ವರ್ಷ ದಾಟಿದ ಒಡವೆಯನ್ನು ವ್ಯಾಪಾರಿಗಳು 'ಆಂಟಿಕ್' ಎನ್ನುತ್ತಾರೆ. ಅದಕ್ಕಿಂತ ಕಡಿಮೆ ವಯಸ್ಸಿನದು, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ವರ್ಷವಾದರೂ ಹಳೆಯದು, 'ವಿಂಟೇಜ್'. 'ಎಸ್ಟೇಟ್' ಎಂಬ ಮಾತಿಗೆ ವಯಸ್ಸಿನ ಸಂಬಂಧವಿಲ್ಲ. ಹಿಂದೆ ಒಬ್ಬ ಒಡೆಯರಿದ್ದರು ಎಂಬುದಷ್ಟೇ ಅದರ ಅರ್ಥ. ಕಳೆದ ವರ್ಷ ಕೊಂಡು ಈ ವರ್ಷ ಮಾರಿದ ಉಂಗುರವೂ ಎಸ್ಟೇಟ್ ಆಗಬಹುದು. 'ಸೈನ್ಡ್', ಅಂದರೆ ಸಹಿಯುಳ್ಳ ಒಡವೆ ಎಂದರೆ ಅದರ ಮೇಲೆ ಸಂಸ್ಥೆಯ ಅಥವಾ ವಿನ್ಯಾಸಕಾರರ ಹೆಸರು ಕೊರೆದಿದೆ ಎಂದು ತಿಳಿಯಬೇಕು. ಬೆಂಗಳೂರಿನ ಅಂಗಡಿಗಳಲ್ಲಿ 'ಆಂಟಿಕ್ ಜ್ಯುವೆಲರಿ' ಎಂದು ಮಾರುವ ಮಾಸಲು ಬಣ್ಣದ ದೇವಾಲಯಶೈಲಿಯ ಹೊಸ ಒಡವೆಗಳಿಗೂ ಈ ಲೇಖನದ ವಿಷಯಕ್ಕೂ ಸಂಬಂಧವಿಲ್ಲ. ಅಲ್ಲಿ ಆಂಟಿಕ್ ಎಂಬುದು ಮೆರುಗಿನ ಹೆಸರೇ ಹೊರತು ವಯಸ್ಸಿನ ಲೆಕ್ಕವಲ್ಲ.

ವಿನ್ಯಾಸಕಾರರು ಮತ್ತು ಕಾಲ

1924ರಲ್ಲಿ ಕಾರ್ತಿಯೇ ಸಂಸ್ಥೆ ಮೂರು ಬಣ್ಣದ ಚಿನ್ನದ ಬಳೆಗಳು ಒಂದರೊಳಗೊಂದು ಹೆಣೆದುಕೊಂಡ 'ಟ್ರಿನಿಟಿ' ಉಂಗುರವನ್ನು ತಂದಿತು. ಹರಳಿನ ಆಡಂಬರವಿಲ್ಲದೆ ಚಿನ್ನವೇ ವಿನ್ಯಾಸವಾಗಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಪ್ಲಾಟಿನಮನ್ನು ಯುದ್ಧದ ಕೆಲಸಕ್ಕೆ ಮೀಸಲಿಟ್ಟಾಗ ಆಭರಣಕಾರರು ಚಿನ್ನದತ್ತ ತಿರುಗಿದರು. ತಾಮ್ರದ ಪಾಲು ಹೆಚ್ಚಿದ ಕೆಂಪು ಛಾಯೆಯ, ದಪ್ಪ ಕಡಗಗಳು ಆ ಕಾಲದ ಗುರುತು. ಈ ಶೈಲಿಗೆ 'ರೆಟ್ರೊ' ಎಂಬ ಹೆಸರು ಬಂದಿದೆ.

ಸಿಸಿಲಿಯ ಡ್ಯೂಕ್ ಫುಲ್ಕೊ ದಿ ವೆರ್ದೂರಾ, ಪ್ಯಾರಿಸ್ಸಿನಲ್ಲಿ ಕೊಕೊ ಶನೆಲ್ ಅವರಿಗಾಗಿ ಮಾಲ್ಟಾ ಶಿಲುಬೆಯ ಕಡಗಗಳನ್ನು ರೂಪಿಸಿ, 1939ರಲ್ಲಿ ನ್ಯೂಯಾರ್ಕಿನಲ್ಲಿ ಸ್ವಂತ ಅಂಗಡಿ ತೆರೆದರು. ಜಾನ್ ಶ್ಲುಂಬರ್ಜೆ 1956ರಲ್ಲಿ ಟಿಫನಿ ಸಂಸ್ಥೆ ಸೇರಿದರು. ಅವರ ಎನಾಮೆಲ್ ಬಳೆಗಳನ್ನು ಜ್ಯಾಕ್ಲಿನ್ ಕೆನಡಿ ತೊಡುತ್ತಿದ್ದುದರಿಂದ ಅವುಗಳಿಗೆ 'ಜ್ಯಾಕಿ ಬಳೆ' ಎಂಬ ಹೆಸರೇ ನಿಂತಿತು. ಅದೇ ಸಂಸ್ಥೆಗೆ 1974ರಲ್ಲಿ ಎಲ್ಸಾ ಪೆರೆಟ್ಟಿ, 1980ರಲ್ಲಿ ಪಲೋಮಾ ಪಿಕಾಸೊ ಬಂದರು. ವಾನ್ ಕ್ಲೀಫ್ ಮತ್ತು ಆರ್ಪೆಲ್ಸ್ ಸಂಸ್ಥೆಯ ನಾಲ್ಕೆಲೆಯ 'ಅಲ್ಹಾಂಬ್ರಾ' ಉದ್ದಸರ 1968ರದು. ಕಾರ್ತಿಯೇಯ ನ್ಯೂಯಾರ್ಕ್ ಶಾಖೆಗಾಗಿ ಇಟಲಿ ಮೂಲದ ಆಲ್ಡೊ ಚಿಪುಲ್ಲೊ 1969ರಲ್ಲಿ ರೂಪಿಸಿದ 'ಲವ್' ಕಡಗವನ್ನು ಪುಟ್ಟ ತಿರುಪುಳಿಯಿಂದ ಕೈಗೆ ಬಿಗಿಯಬೇಕು. ಮೊಳೆಯ ಆಕಾರದ ಕಡಗ 1971ರಲ್ಲಿ ಬಂದಿತು, ಅದೂ ಅವರದೇ. ಮಿಲಾನಿನ ಬುಚೆಲ್ಲಾತಿ ಮನೆತನ ಚಿನ್ನದ ಮೇಲೆ ರೇಷ್ಮೆಯ ನೇಯ್ಗೆಯಂತೆ ಕಾಣುವ ಸೂಕ್ಷ್ಮ ಕೊರೆತಕ್ಕೆ ಹೆಸರಾಗಿದೆ. ರೋಮಿನ ಬುಲ್ಗರಿ 'ಟ್ಯೂಬೊಗ್ಯಾಸ್' ಎಂಬ, ಬೆಸುಗೆಯಿಲ್ಲದೆ ಸುತ್ತಿದ, ಬಳುಕುವ ಪಟ್ಟಿಯನ್ನು ತನ್ನ ಗುರುತಾಗಿಸಿಕೊಂಡಿತು. ಅಥೆನ್ಸಿನ ಇಲಿಯಾಸ್ ಲಲಾವ್ನಿಸ್ ಪ್ರಾಚೀನ ಗ್ರೀಕ್ ಒಡವೆಗಳ ಮಾದರಿಗಳಿಗೆ ಮರುಜೀವ ಕೊಟ್ಟರು.

ಬ್ರಿಟನ್ನಿನಲ್ಲಿ ಆ್ಯಂಡ್ರೂ ಗ್ರಿಮಾ (1921–2007) ಅವರದು ಪ್ರತ್ಯೇಕ ದಾರಿ. ರೋಮಿನಲ್ಲಿ ಹುಟ್ಟಿದ ಇವರು ಮಹಾಯುದ್ಧದಲ್ಲಿ 7ನೆಯ ಭಾರತೀಯ ಡಿವಿಜನ್ನಿನೊಂದಿಗೆ ಬರ್ಮಾದಲ್ಲಿ ಎಂಜಿನಿಯರಾಗಿ ಸೇವೆ ಸಲ್ಲಿಸಿದ್ದರು. ಎಲೆ, ತೊಗಟೆ, ಕಲ್ಲುಹೂಗಳ ಒರಟು ಮೈಯನ್ನೇ ಚಿನ್ನದಲ್ಲಿ ಎರಕ ಹೊಯ್ದರು. 1966ರಲ್ಲಿ ಡ್ಯೂಕ್ ಆಫ್ ಎಡಿನ್‌ಬರೊ ವಿನ್ಯಾಸ ಪ್ರಶಸ್ತಿಯೂ 1970ರಲ್ಲಿ ರಾಜಮನೆತನದ ಅಧಿಕೃತ ಮನ್ನಣೆಯೂ ಇವರಿಗೆ ದೊರೆತವು. ನಯವಾಗಿ ಹೊಳೆಯುವುದೇ ಚಿನ್ನದ ಗುಣ ಎಂದು ನಂಬಿದವರು ಗ್ರಿಮಾ ಅವರ ಒಂದು ಬ್ರೂಚನ್ನಾದರೂ ಚಿತ್ರದಲ್ಲಿ ನೋಡಬೇಕು.

ಕ್ಯಾರಟ್ ಮತ್ತು ಕರಗಿಸುವ ಪ್ರಶ್ನೆ

ಪಾಶ್ಚಾತ್ಯ ವಿನ್ಯಾಸಕ ಒಡವೆಗಳಲ್ಲಿ ಹೆಚ್ಚಿನವು 18 ಕ್ಯಾರಟ್ಟಿನವು, ಅಂದರೆ ಸಾವಿರಕ್ಕೆ 750 ಭಾಗ ಅಪ್ಪಟ ಚಿನ್ನ. ಅಮೆರಿಕದಲ್ಲಿ 14 ಕ್ಯಾರಟ್ (585) ಸಾಮಾನ್ಯ. ಬ್ರಿಟನ್ನಿನಲ್ಲಿ 9 ಕ್ಯಾರಟ್ (375) ಕೂಡ ಉಂಟು. ಅಲ್ಲಿ 1854ರಿಂದ ಬಳಕೆಯಲ್ಲಿದ್ದ 12 ಮತ್ತು 15 ಕ್ಯಾರಟ್ಟುಗಳನ್ನು 1932ರಲ್ಲಿ ಕೈಬಿಟ್ಟು 14ನ್ನು ತಂದರು. ಆದ್ದರಿಂದ 15 ಕ್ಯಾರಟ್ ಮುದ್ರೆಯಿರುವ ಬ್ರಿಟಿಷ್ ಒಡವೆ ಆ ವರ್ಷಕ್ಕಿಂತ ಹಿಂದಿನದು. 22 ಕ್ಯಾರಟ್ಟಿಗೆ (916) ಒಗ್ಗಿದ ಕಣ್ಣಿಗೆ ಇವೆಲ್ಲ ಪೇಲವವಾಗಿ ಕಂಡರೆ ಆಶ್ಚರ್ಯವಿಲ್ಲ. 1963ರ ಚಿನ್ನ ನಿಯಂತ್ರಣ ನಿಯಮಗಳು ಭಾರತದಲ್ಲಿ 14 ಕ್ಯಾರಟ್ಟಿಗೆ ಮೀರಿದ ಹೊಸ ಒಡವೆ ತಯಾರಿಕೆಯನ್ನು ತಡೆದಾಗ ಜನರೂ ಅಕ್ಕಸಾಲಿಗರೂ ಎಷ್ಟು ಬೇಸರಪಟ್ಟರೆಂಬುದು ಹಿರಿಯರಿಗೆ ನೆನಪಿದೆ. ಆದರೆ ಕಡಿಮೆ ಕ್ಯಾರಟ್ ಎಂದರೆ ಕಳಪೆ ಎಂದಲ್ಲ. ಕೀಲು, ಕೊಕ್ಕೆ, ಸ್ಪ್ರಿಂಗುಗಳಿರುವ ವಿನ್ಯಾಸಕ್ಕೆ ಗಟ್ಟಿಯಾದ ಮಿಶ್ರಲೋಹವೇ ಬೇಕು.

ಲೆಕ್ಕ ಹೀಗಿದೆ: 30 ಗ್ರಾಂ ತೂಕದ 18 ಕ್ಯಾರಟ್ ಕಡಗದಲ್ಲಿ ಅಪ್ಪಟ ಚಿನ್ನ 22.5 ಗ್ರಾಂ, ಅದು ಸುಮಾರು 24.5 ಗ್ರಾಂ 22 ಕ್ಯಾರಟ್ ಚಿನ್ನಕ್ಕೆ ಸಮ. ಇದು ಒಡವೆಯ ತಳಬೆಲೆ ಮಾತ್ರ. ಹೆಸರಾಂತ ವಿನ್ಯಾಸಕಾರರ ಸಹಿಯಿದ್ದರೆ ಅದೇ ಕಡಗ ಇದರ ಹಲವು ಪಟ್ಟು ಬಾಳಬಹುದು. ವಿದೇಶದಲ್ಲಿದ್ದ ಬಂಧುಗಳಿಂದ ಬಂದ ಇಂಥ ಒಡವೆಯನ್ನು ಮಾರ್ಪಾಡಿಗೆಂದು ಅಂಗಡಿಗೆ ಒಯ್ದರೆ ಅಲ್ಲಿ ಕೇಳುವುದು ತೂಕ ಮತ್ತು ಮಟ್ಟ ಎರಡನ್ನೇ. ಕುಲುಮೆಗೆ ಬಿದ್ದ ಮೇಲೆ ವಿನ್ಯಾಸದ ಬೆಲೆ ಸೊನ್ನೆ, ಅದನ್ನು ಮರಳಿ ಪಡೆಯುವ ಉಪಾಯವಿಲ್ಲ. ಇಂಥ ನಷ್ಟ ಎಲ್ಲ ಕಡೆಯೂ ಆಗಿದೆ. 1934ರಿಂದ ಒಂದು ಔನ್ಸಿಗೆ 35 ಡಾಲರಿಗೆ ಕಟ್ಟಿಟ್ಟಿದ್ದ ಚಿನ್ನದ ಅಧಿಕೃತ ಬೆಲೆ 1971ರ ನಂತರ ಕಟ್ಟು ಕಳಚಿಕೊಂಡು 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿದಾಗ ಅಪಾರ ಪ್ರಮಾಣದ ಒಡವೆಗಳು ಕರಗಿಹೋದವು. ಅರುವತ್ತು ಎಪ್ಪತ್ತರ ದಶಕದ ಭಾರವಾದ ಸರಗಳು ಈಗ ಅಪರೂಪವಾಗಿರಲು ಇದೂ ಒಂದು ಕಾರಣ. ಚಿನ್ನದ ದರ ಏರಿದಾಗಲೆಲ್ಲ ಈ ಅಪಾಯ ಮರಳುತ್ತದೆ.

ಮುದ್ರೆಗಳನ್ನು ಓದುವುದು

ಕೊಳ್ಳುವವರು ಹತ್ತುಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯನ್ನು ಹಿಡಿದು ಒಡವೆಯ ಹಿಂಬದಿ, ಕೊಕ್ಕೆ ಮತ್ತು ಅಂಚುಗಳನ್ನು ಪರೀಕ್ಷಿಸಬೇಕು.

ಬ್ರಿಟಿಷ್ ಪದ್ಧತಿ ಅತ್ಯಂತ ಹಳೆಯದರಲ್ಲೊಂದು. 1300ರ ಶಾಸನ ಚಿರತೆಯ ತಲೆಯ ಮುದ್ರೆಯನ್ನು ವಿಧಿಸಿತು. 1478ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲಿನಲ್ಲಿ ವರ್ಷಸೂಚಕ ಅಕ್ಷರ ಒತ್ತತೊಡಗಿದರು. 'ಹಾಲ್‌ಮಾರ್ಕ್' ಎಂಬ ಪದ ಹುಟ್ಟಿದ್ದು ಆ ಹಾಲಿನಿಂದಲೇ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯಕ್ಕೆ ಲಂಗರು, ಎಡಿನ್‌ಬರೊಗೆ ಕೋಟೆ ಗುರುತು. ಮುದ್ರೆಗಳ ಪೂರ್ಣ ಸಾಲು ಉಳಿದಿದ್ದರೆ ಮಾಡಿದವರು, ಊರು, ಮಟ್ಟ, ವರ್ಷ ಎಲ್ಲವೂ ತಿಳಿಯುತ್ತವೆ.

ಫ್ರಾನ್ಸಿನಲ್ಲಿ 1838ರಿಂದ 18 ಕ್ಯಾರಟ್ ಚಿನ್ನಕ್ಕೆ ಹದ್ದಿನ ತಲೆ. ಗೂಬೆಯ ಮುದ್ರೆ ಕಂಡರೆ ಹೊರದೇಶದಿಂದ ಬಂದದ್ದು ಅಥವಾ ಮೂಲ ತಿಳಿಯದ್ದು ಎಂದರ್ಥ. ಇವುಗಳ ಜೊತೆಗೆ ವಜ್ರಾಕೃತಿಯ ಚೌಕಟ್ಟಿನಲ್ಲಿ ತಯಾರಕರ ಮೊದಲಕ್ಷರಗಳೂ ಒಂದು ಚಿಹ್ನೆಯೂ ಇರುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಪ್ಯಾರಿಸ್ಸಿನ ದೊಡ್ಡ ಸಂಸ್ಥೆಗಳು ಹಲವು ಒಡವೆಗಳನ್ನು ಹೊರಗಿನ ಕಾರ್ಖಾನೆಗಳಲ್ಲಿ ಮಾಡಿಸುತ್ತಿದ್ದವು. ಜಾರ್ಜ್ ಲಾಂಫಾನ್ ಎಂಬವರ ಕಾರ್ಖಾನೆ ಕಾರ್ತಿಯೇ, ಎರ್ಮೆಸ್, ವಾನ್ ಕ್ಲೀಫ್ ಮೂವರಿಗೂ ಸರ ಹೆಣೆದುಕೊಟ್ಟಿದೆ. ಆದ್ದರಿಂದ ಸಂಸ್ಥೆಯ ಹೆಸರಿನೊಂದಿಗೆ ಬೇರೊಬ್ಬರ ಮೊದಲಕ್ಷರ ಕಂಡರೆ ಅದು ನಕಲಿ ಎನ್ನಲಾಗದು. ಬಲ್ಲವರು ಅದನ್ನೇ ಅಸಲಿತನದ ಸಾಕ್ಷಿಯಾಗಿ ಎಣಿಸುತ್ತಾರೆ.

ಅಮೆರಿಕದಲ್ಲಿ ಸರ್ಕಾರಿ ಪರೀಕ್ಷಾಲಯದ ಮುದ್ರೆಯಿಲ್ಲ, ತಯಾರಕರ ಮಾತನ್ನೇ ನಂಬಬೇಕು. 1906ರ ಕಾನೂನು ಮುದ್ರೆಗಿಂತ ಅರ್ಧ ಕ್ಯಾರಟ್, ಬೆಸುಗೆಯಿದ್ದರೆ ಒಂದು ಕ್ಯಾರಟ್ ಕಡಿಮೆಯಿರಲು ಅವಕಾಶ ಕೊಟ್ಟಿತ್ತು. 1976ರ ತಿದ್ದುಪಡಿಯಿಂದ ಅದು ಬಹಳ ಬಿಗಿಯಾಯಿತು. ಕ್ಯಾರಟ್ ಒತ್ತಿದಲ್ಲಿ ತಯಾರಕರ ಗುರುತೂ ಇರಬೇಕೆಂಬ ನಿಯಮ 1961ರದು. ಹೀಗಾಗಿ ಹಳೆಯ ಅಮೆರಿಕನ್ ಒಡವೆ ಪರೀಕ್ಷೆಯಲ್ಲಿ 14ರ ಬದಲು ಹದಿಮೂರೂವರೆ ತೋರಿದರೆ ಅದನ್ನು ಮೋಸವೆನ್ನಲಾಗದು.

ಅಸಲಿ, ನಕಲಿ ಮತ್ತು ನಡುವಿನವು

ಒರೆಗಲ್ಲು ಮತ್ತು ಆಮ್ಲದ ಪರೀಕ್ಷೆ ನಮ್ಮ ಚಿನಿವಾರರಿಗೆ ಕರಗತ. ಎಕ್ಸ್-ಕಿರಣ ಯಂತ್ರ ಒಡವೆಯನ್ನು ಗೀರದೆ ಮಟ್ಟ ಹೇಳುತ್ತದೆ, ಆದರೆ ಮೇಲ್ಪದರವನ್ನು ಮಾತ್ರ. ದಪ್ಪ ಲೇಪನವಿದ್ದರೆ ಮೋಸಹೋಗುತ್ತದೆ. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ನೋಡುವ ವಿಧಾನದಲ್ಲಿ ಅಪ್ಪಟ ಚಿನ್ನ 19.3, 18 ಕ್ಯಾರಟ್ ಹಳದಿ ಚಿನ್ನ ಸುಮಾರು 15.5 ತೋರುತ್ತದೆ. ಹರಳು ಕೂರಿಸಿದ ಅಥವಾ ಒಳಗೆ ಟೊಳ್ಳಾದ ಒಡವೆಗೆ ಇದು ಒಪ್ಪದು. ಇವೆಲ್ಲ ಹೇಳುವುದು ಲೋಹದ ಸತ್ಯವನ್ನೇ. 18 ಕ್ಯಾರಟ್ ಅಪ್ಪಟ ಚಿನ್ನದಲ್ಲೇ ಮಾಡಿದ ನಕಲಿ 'ಲವ್' ಕಡಗಗಳೂ 'ಅಲ್ಹಾಂಬ್ರಾ' ಸರಗಳೂ ಇವೆ; ಅವು ಚಿನ್ನದ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಅಲ್ಲಿ ನೋಡಬೇಕಾದದ್ದು ಕೈಕೆಲಸವನ್ನು. ಅಕ್ಷರಗಳ ಅಂತರ, ಕ್ರಮಸಂಖ್ಯೆಯ ಕೊರೆತ, ತಿರುಪಿನ ಸಾಲು, ಹಿಂಬದಿಯ ನಯ ಇವುಗಳಲ್ಲಿ ನಕಲು ಸಿಕ್ಕಿಬೀಳುತ್ತದೆ. ಒಳ್ಳೆಯ ಸಂಸ್ಥೆಗಳು ಯಾರೂ ನೋಡದ ಬೆನ್ನನ್ನೂ ಮುಖದಷ್ಟೇ ಜತನದಿಂದ ಮುಗಿಸುತ್ತವೆ.

ನಡುವಿನ ಬಗೆ ಇನ್ನೂ ತೊಡಕಿನದು: ಅಸಲಿ ಕೊಕ್ಕೆಗೆ ಬೇರೆ ಸರ ಜೋಡಿಸಿದ್ದು, ಬ್ರೂಚನ್ನು ಪದಕ ಮಾಡಿದ್ದು, ಸಹಿಯಿಲ್ಲದ ಹಳೆಯ ಒಡವೆಗೆ ಹೊಸದಾಗಿ ಸಹಿ ಕೊರೆದದ್ದು.

ಕೊಳ್ಳುವಿಕೆ

ದೊಡ್ಡ ಹರಾಜುಗಳು ಈ ಮಾರುಕಟ್ಟೆಗೆ ಪ್ರಚಾರ ಕೊಟ್ಟವು. 1987ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸದಬೀಸ್ ನಡೆಸಿದ ವಿಂಡ್ಸರ್ ಡಚೆಸ್ ಅವರ ಒಡವೆಗಳ ಹರಾಜು ಸುಮಾರು 5 ಕೋಟಿ ಡಾಲರ್ ತಂದಿತು. 2011ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ಎಲಿಜಬೆತ್ ಟೇಲರ್ ಅವರ ಒಡವೆಗಳು 11 ಕೋಟಿ ಡಾಲರಿಗೂ ಮೀರಿ ಮಾರಾಟವಾದವು. ಅಂಥಲ್ಲಿ ಜನ ಕೊಳ್ಳುವುದು ಒಡವೆಯನ್ನೋ ತೊಟ್ಟವರ ನೆನಪನ್ನೋ ಹೇಳುವುದು ಕಷ್ಟ.

ಸಾಮಾನ್ಯ ಕೊಳ್ಳುಗರು ಹರಾಜು ಪಟ್ಟಿಯ ಭಾಷೆಯನ್ನು ಎಚ್ಚರದಿಂದ ಓದಬೇಕು. ಸಂಸ್ಥೆಯ ಹೆಸರನ್ನು ನೇರವಾಗಿ 'ಇಂಥವರದು' ಎಂದು ಬರೆದಿದ್ದರೆ ಹರಾಜುದಾರರು ಆ ಮಾತಿಗೆ ಹೊಣೆ. 'ಇಂಥವರದೆಂದು ಹೇಳಲಾದ' ಎಂದಿದ್ದರೆ ಅದು ಅಭಿಪ್ರಾಯ. 'ಇಂಥವರ ಶೈಲಿಯ' ಎಂದರೆ ಅವರದಲ್ಲ ಎಂದೇ ತಿಳಿಯಬೇಕು. ಕೂಗಿದ ಬೆಲೆಯ ಮೇಲೆ ಹರಾಜುದಾರರ ಪಾಲು ಬೇರೆ, ಅದು ಬೆಲೆಯ ಕಾಲುಭಾಗದಷ್ಟಾಗುವುದೂ ಉಂಟು. ಮೂಲ ರಸೀತಿ, ಪೆಟ್ಟಿಗೆ, ಪ್ರಮಾಣಪತ್ರಗಳಿದ್ದರೆ ಬೆಲೆ ಏರುತ್ತದೆ. ಆದರೆ ಪೆಟ್ಟಿಗೆಗಳೂ ಪ್ರತ್ಯೇಕವಾಗಿ ಮಾರಾಟವಾಗುತ್ತವೆ, ಪತ್ರಗಳನ್ನೂ ನಕಲು ಮಾಡುತ್ತಾರೆ ಎಂಬುದನ್ನು ಮರೆಯಬಾರದು. ಕೆಲವು ಸಂಸ್ಥೆಗಳು ತಮ್ಮ ಹಳೆಯ ದಾಖಲೆಗಳನ್ನು ನೋಡಿ ಒಡವೆಯನ್ನು ಗುರುತಿಸಿಕೊಡುತ್ತವೆ. ದುಬಾರಿ ಖರೀದಿಗೆ ಈ ದಾರಿಯೇ ಲೇಸು.

ತೊಡುವುದು ಮತ್ತು ಕಾಪಾಡುವುದು

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಪಾಶ್ಚಾತ್ಯ ಓಲೆಗಳಲ್ಲಿ ಅನೇಕವು ಕಿವಿ ಚುಚ್ಚದೆ ಕಚ್ಚಿಸಿಕೊಳ್ಳುವ ಕ್ಲಿಪ್ಪಿನವು. ಹಸುಗೂಸಿನಲ್ಲೇ ಕಿವಿ ಚುಚ್ಚಿಸುವ ನಮ್ಮ ಪದ್ಧತಿಗೆ ಅವು ಹೊಂದುವುದಿಲ್ಲವೆಂದು ತಿರುಪು ಹಾಕಿಸುವ ಮನಸ್ಸಾಗಬಹುದು. ಹಾಗೆ ಮಾಡಿದರೆ ಬೆಲೆ ಇಳಿಯುತ್ತದೆ. ಬ್ರೂಚಿಗೆ ಸೀರೆಯ ಸೆರಗು ಸೊಗಸಾದ ಜಾಗ. ಭಾರದ ಬ್ರೂಚಾದರೆ ಒಳಗೆ ಸಣ್ಣ ದಪ್ಪ ಬಟ್ಟೆಯ ತುಂಡನ್ನು ಸೇರಿಸಿ ಚುಚ್ಚಬೇಕು, ಇಲ್ಲವಾದರೆ ರೇಷ್ಮೆಯ ಎಳೆ ಕಿತ್ತುಬರುತ್ತದೆ.

ಪಾಲಿಶ್ ಮಾಡಿಸುವುದೇ ಹಳೆಯ ಒಡವೆಗೆ ಒದಗುವ ದೊಡ್ಡ ಕಂಟಕ. ಪ್ರತಿ ಸಲವೂ ಚಿನ್ನ ಸ್ವಲ್ಪ ಸವೆದು ಮುದ್ರೆ ಮಸುಕಾಗುತ್ತದೆ. ಬುಚೆಲ್ಲಾತಿಯ ಕೊರೆತವೂ ಗ್ರಿಮಾ ಅವರ ಒರಟು ಮೈಯೂ ಒಮ್ಮೆ ಉಜ್ಜಿಹೋದರೆ ಹೋದಂತೆಯೇ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೃದು ಬ್ರಷ್ ಸಾಕು. ಮುತ್ತು, ಹವಳ, ಪಚ್ಚೆ, ವೈಡೂರ್ಯಗಳಿರುವ ಅಥವಾ ಎನಾಮೆಲ್ ಮಾಡಿದ ಒಡವೆಗಳನ್ನು ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿಸಬಾರದು. ಈಜುಕೊಳದ ಕ್ಲೋರಿನ್ ಕಡಿಮೆ ಕ್ಯಾರಟ್ಟಿನ ಮಿಶ್ರಲೋಹವನ್ನು ಒಳಗಿಂದ ಬಿರುಕುಗೊಳಿಸುತ್ತದೆ. ಪಾದರಸ ತಾಗಿದರೆ ಚಿನ್ನ ಬೆಳ್ಳಗಾಗುತ್ತದೆ. ಟ್ಯೂಬೊಗ್ಯಾಸ್ ಪಟ್ಟಿಯನ್ನು ಅಗತ್ಯಕ್ಕಿಂತ ಅಗಲಿಸಿ ತೊಟ್ಟರೆ ಒಳಗಿನ ಸುರುಳಿ ಸಡಿಲವಾಗುತ್ತದೆ, ಅದನ್ನು ಸರಿಪಡಿಸಬಲ್ಲವರು ಕೆಲವೇ ಮಂದಿ.

ಭಾರತದಲ್ಲಿ ಕಾನೂನು

ಚಿನ್ನ ನಿಯಂತ್ರಣ ಕಾಯಿದೆ (1968) 1990ರಲ್ಲಿ ರದ್ದಾಯಿತು. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಆಭರಣ ವ್ಯಾಪಾರಿಗಳು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತಿನೊಂದಿಗೇ ಹಾಲ್‌ಮಾರ್ಕ್ ಒಡವೆ ಮಾರಬೇಕು. ಮನೆಯಲ್ಲಿರುವ ಹಳೆಯ ಒಡವೆಯನ್ನು ಇಟ್ಟುಕೊಳ್ಳಲು ಇದರಿಂದ ಅಡ್ಡಿಯಿಲ್ಲ. ಮಟ್ಟ ತಿಳಿಯಬೇಕಾದರೆ ಭಾರತೀಯ ಮಾನಕ ಬ್ಯೂರೊ ಮಾನ್ಯ ಮಾಡಿದ ಪರೀಕ್ಷಾಕೇಂದ್ರಕ್ಕೆ ಒಯ್ಯಬಹುದು. ವಿಂಟೇಜ್ ಒಡವೆಯಾದರೆ ಕೆರೆದು ಅಥವಾ ಕರಗಿಸಿ ನೋಡುವ ಪರೀಕ್ಷೆ ಬೇಡವೆಂದು ಮೊದಲೇ ತಿಳಿಸಬೇಕು. ಹೊರದೇಶದಲ್ಲಿ ಕೊಂಡು ತರುವವರಿಗೆ ಸೀಮಾಸುಂಕದ ನಿಯಮ ಅನ್ವಯಿಸುತ್ತದೆ, ಒಡವೆ ಹಳೆಯದೆಂಬ ಕಾರಣಕ್ಕೆ ಸುಂಕ ತಪ್ಪುವುದಿಲ್ಲ, ರಸೀತಿ ಜೊತೆಯಲ್ಲಿರಬೇಕು. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ ಅಂಥವನ್ನು ಖಾಸಗಿಯವರು ದೇಶದಾಚೆ ರಫ್ತು ಮಾಡುವಂತಿಲ್ಲ.