ಬಂಗಾಲಿ ಟೋಲಾ: ಒಂದು ಕೇರಿಯನ್ನು ಬರೆದಿಟ್ಟವರು

ದಶಾಶ್ವಮೇಧ ಘಾಟಿನ ಹಿಂಬದಿಯಿಂದ ಹೊರಟು, ಗಂಗೆಯನ್ನು ಎಡಕ್ಕಿಟ್ಟುಕೊಂಡು ಕೇದಾರ ಘಾಟಿನ ಕಡೆ ನಡೆದರೆ ಸಿಗುವ ಇಕ್ಕಟ್ಟಾದ ಗಲ್ಲಿಯೇ ಬಂಗಾಲಿ ಟೋಲಾ. ಎದುರಿಗೊಂದು ಗೂಳಿ ಬಂದರೆ ಯಾವುದಾದರೂ ಮನೆಯ ಜಗಲಿ ಹತ್ತಿ ನಿಲ್ಲದೆ ಗತಿಯಿಲ್ಲ. ಪಶ್ಚಿಮಕ್ಕೆ ಮದನಪುರಾದ ಮುಸ್ಲಿಂ ನೇಕಾರರು. ಗೋದೌಲಿಯಾ ಕಡೆಗೆ ನಮ್ಮ ವೀರಶೈವರ ಜಂಗಮವಾಡಿ ಮಠ. ದಕ್ಷಿಣದ ತುದಿಯಲ್ಲಿ ತಮಿಳರ ಕುಮಾರಸ್ವಾಮಿ ಮಠ. ಸುತ್ತ ಹಿಂದಿ, ಭೋಜಪುರಿ ಆಡುವ ಊರು. ನಡುವೆ ಎರಡೂವರೆ ಶತಮಾನದಿಂದ ಬಂಗಾಳಿ ಮಾತಾಡುವ ಒಂದು ಕೇರಿ.

ಈ ಕೇರಿಯ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ಯಾತ್ರಿಕರು, ಪಾದ್ರಿಗಳು, ಪೊಲೀಸರು, ಕಾದಂಬರಿಕಾರರು, ಮಾನವಶಾಸ್ತ್ರಜ್ಞರು ಎಲ್ಲರೂ ಬರೆದಿದ್ದಾರೆ. ಒಬ್ಬೊಬ್ಬರೂ ತಮಗೆ ಬೇಕಾದುದನ್ನು ಹುಡುಕಿಕೊಂಡು ಬಂದವರು, ಅದನ್ನೇ ಕಂಡು ಹೋದವರು. ಆ ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರಷ್ಟೇ ಇಲ್ಲೊಂದು ಜನಸಮುದಾಯ ಬಾಳಿತ್ತು ಎನ್ನುವುದು ಕಾಣುತ್ತದೆ.

ಬಂಗಾಳಿಗಳು ಕಾಶಿಗೆ ಬಂದದ್ದು ಕೇರಿ ಹುಟ್ಟುವುದಕ್ಕಿಂತ ಬಹಳ ಮೊದಲು. ಹದಿನಾರನೆಯ ಶತಮಾನದಲ್ಲಿ ಚೈತನ್ಯರು ಬಂದು ಹೋದರು. ‘ಅದ್ವೈತಸಿದ್ಧಿ’ ಬರೆದ ಮಧುಸೂದನ ಸರಸ್ವತಿ ಪೂರ್ವ ಬಂಗಾಳದಿಂದ ಬಂದು ಇಲ್ಲಿ ನೆಲೆಸಿದರು. ಆದರೆ ಸಂನ್ಯಾಸಿಗಳಿಂದ ಕೇರಿ ಆಗುವುದಿಲ್ಲ. ಅದಕ್ಕೆ ಸಂಸಾರಗಳು ಬೇಕು, ಅವರ ಪುರೋಹಿತ ಬೇಕು, ಮೀನು ಮಾರುವವರು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಊರಿನಿಂದ ದುಡ್ಡು ಬರುತ್ತಿರಬೇಕು. ಇದೆಲ್ಲ ಕೂಡಿ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ನಾಟೋರಿನ ರಾಣಿ ಭವಾನಿ ದುರ್ಗಾಕುಂಡದ ದೇಗುಲ ಕಟ್ಟಿಸಿದರು. 1775ರಲ್ಲಿ ಬನಾರಸ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಕಂಪನಿಯ ಹಿಂದೆಯೇ ಬಂಗಾಳದ ಗುಮಾಸ್ತರೂ ಬಂದರು. ಮದನಪುರಾದ ಹಳೆಯ ದುರ್ಗಾ ಬಾಡಿಯಲ್ಲಿರುವ ಮಣ್ಣು-ಹುಲ್ಲಿನ ಪ್ರತಿಮೆ 1767ರದು ಎಂದು ಆ ಮನೆತನದವರು ಹೇಳುತ್ತಾರೆ. ಆ ವರ್ಷ ವಿಸರ್ಜನೆಗೆ ಹೊರಟಾಗ ದೇವಿ ಅಲುಗಲೇ ಇಲ್ಲವಂತೆ; ಕಡಲೆ-ಬೆಲ್ಲದ ನೈವೇದ್ಯ ಸಾಕು, ಇಲ್ಲೇ ಇರುತ್ತೇನೆ ಎಂದು ಕನಸಿನಲ್ಲಿ ಹೇಳಿದಳಂತೆ. ಕಥೆ ಏನೇ ಇರಲಿ, ಕಾಶಿಗೆ ಬಂದು ಹಿಂದಿರುಗದೆ ಉಳಿದ ಕುಟುಂಬಗಳ ಮನಸ್ಸು ಅದರಲ್ಲಿದೆ.

ಬರಹದ ಮೊದಲ ಹಂತ ಯಾತ್ರಾಕಾವ್ಯ. 1770ರ ಸುಮಾರಿಗೆ ಬಿಜಯರಾಮ ಸೇನ್ ಎಂಬ ವೈದ್ಯರು ಭೂಕೈಲಾಸದ ಕೃಷ್ಣಚಂದ್ರ ಘೋಷಾಲರ ಪರಿವಾರದೊಂದಿಗೆ ದೋಣಿಯಲ್ಲಿ ಗಂಗೆಯ ಮೇಲೆ ಸಾಗಿ ಬಂದು ‘ತೀರ್ಥಮಂಗಲ’ ರಚಿಸಿದರು. ಕೃಷ್ಣಚಂದ್ರರ ಮಗ ಜಯನಾರಾಯಣ ಘೋಷಾಲರು ಒಂದು ಹೆಜ್ಜೆ ಮುಂದೆ ಹೋದರು. ಕಾಶಿಯಲ್ಲೇ ನೆಲೆಸಿ, ಕಾಶೀಖಂಡವನ್ನು ಬಂಗಾಳಿಗೆ ತರಿಸುವುದರ ಜೊತೆಗೆ ತಾವು ಕಣ್ಣಾರೆ ಕಂಡ ಕಾಶಿಯನ್ನೂ ಪದ್ಯದಲ್ಲಿ ಬರೆದಿಟ್ಟರು. 1814ರಲ್ಲಿ ಶಾಲೆ ತೆರೆದರು. 1818ರಲ್ಲಿ ಅದನ್ನು ಚರ್ಚ್ ಮಿಷನರಿ ಸೊಸೈಟಿಗೆ ಒಪ್ಪಿಸಿದರು. ಕಾಯಿಲೆ ಬಿದ್ದಾಗ ಒಬ್ಬ ಇಂಗ್ಲಿಷ್ ವ್ಯಾಪಾರಿ ಮಾಡಿದ ಉಪಕಾರದ ನೆನಪಿಗೆ ಶಾಲೆ ಹುಟ್ಟಿತು ಎನ್ನುತ್ತಾರೆ. ಕಾಶೀಖಂಡ ತರಿಸಿದ ಕೈಯಿಂದಲೇ ಮಿಷನ್ನಿಗೆ ಶಾಲೆ! ಅಲ್ಲಿ ಇಂಗ್ಲಿಷ್, ಪಾರಸಿ, ಹಿಂದೂಸ್ತಾನಿಗಳ ಜೊತೆ ಬಂಗಾಳಿಗೂ ಜಾಗವಿತ್ತು.

ಇಂಗ್ಲಿಷರ ಬರಹಗಳನ್ನು ಬೇಗ ದಾಟಿಬಿಡಬಹುದು. ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ 1820ರ ದಶಕದಲ್ಲಿ ಊರಿನ ಗಣತಿ ಮಾಡಿ, ನಕ್ಷೆ ಬರೆದು, ಆಮೇಲೆ ಚಿತ್ರಗಳ ಸಂಪುಟ ಹೊರತಂದರು. ಪಾದ್ರಿ ಶೆರಿಂಗ್ 1868ರಲ್ಲಿ ಕಾಶಿಯ ಗುಡಿ-ಘಾಟುಗಳ ಬಗ್ಗೆ ದಪ್ಪ ಪುಸ್ತಕ ಬರೆದರು. ಕಲ್ಲು ಕಟ್ಟಡಗಳ ಮಟ್ಟಿಗೆ ಇಬ್ಬರೂ ಇಂದಿಗೂ ಬೇಕು. ಮನೆಯೊಳಗಿನ ಬದುಕಿನ ಮಟ್ಟಿಗೆ ಅಷ್ಟಕ್ಕಷ್ಟೆ. ಅದೇ ಕಾಲದ ಬಂಗಾಳಿ ಯಾತ್ರಿಕ ಜದುನಾಥ ಸರ್ವಾಧಿಕಾರಿಯವರ ದಿನಚರಿ ಮಾತ್ರ ಅಚ್ಚಾಗಲು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

1854ರಲ್ಲಿ ಬಂಗಾಲಿ ಟೋಲಾ ಶಾಲೆ ಶುರುವಾಯಿತು. 1862ರಲ್ಲಿ ಹೌರಾದಿಂದ ಹೊರಟ ರೈಲು ಮೊಘಲ್‌ಸರಾಯ್ ಮುಟ್ಟಿತು. ವಾರಗಟ್ಟಲೆ ದೋಣಿಯಲ್ಲಿ ಬರಬೇಕಾಗಿದ್ದವರು ಒಂದೆರಡು ದಿನಗಳಲ್ಲಿ ಬಂದಿಳಿಯುವಂತಾಯಿತು. ಸಾಯಲು ಬರುವ ಮುದುಕರ ಜೊತೆ ದುಡಿಯಲು ಬರುವ ಹರೆಯದವರೂ ಹೆಚ್ಚಿದರು. ಲಾಹಿರಿ ಮಹಾಶಯರನ್ನೇ ನೋಡಿ. ಕ್ರಿಯಾಯೋಗದ ಗುರು ಎಂದು ಜಗತ್ತು ಬಲ್ಲ ಶ್ಯಾಮಾಚರಣ ಲಾಹಿರಿ ಸೇನಾ ಎಂಜಿನಿಯರಿಂಗ್ ಇಲಾಖೆಯಲ್ಲಿ ಲೆಕ್ಕ ಬರೆಯುತ್ತಿದ್ದ ಗೃಹಸ್ಥ. ಕೇರಿಗೆ ತಾಗಿದ ಗರುಡೇಶ್ವರ ಮೊಹಲ್ಲಾದಲ್ಲಿ ಹೆಂಡತಿ-ಮಕ್ಕಳೊಂದಿಗೆ ಇದ್ದವರು.

ಈ ಕೇರಿಯ ಬಗ್ಗೆ ಅತ್ಯಂತ ಗಮನವಿಟ್ಟು ಬರೆದವರು ಯಾರೆಂದರೆ, ನನ್ನ ಮಟ್ಟಿಗೆ, ಬ್ರಿಟಿಷ್ ಪೊಲೀಸರು! 1918ರ ರೌಲಟ್ ಸಮಿತಿಯ ವರದಿಯಲ್ಲಿ ಬನಾರಸಿಗೆ ಪ್ರತ್ಯೇಕ ಭಾಗವೇ ಇದೆ. ಬಂಗಾಲಿ ಟೋಲಾ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದ ಶಚೀಂದ್ರನಾಥ ಸಾನ್ಯಾಲ್ 1908ರಲ್ಲಿ ಅನುಶೀಲನ ಸಮಿತಿ ಎಂಬ ಕ್ರಾಂತಿಕಾರಿ ಸಂಘ ಕಟ್ಟಿದ್ದು, ಢಾಕಾದ ಅದೇ ಹೆಸರಿನ ಸಮಿತಿಯ ಮೇಲೆ ಸರ್ಕಾರದ ಕಣ್ಣು ಬಿದ್ದ ಮೇಲೆ ಹೆಸರು ಬದಲಿಸಿ ‘ಯಂಗ್ ಮೆನ್ಸ್ ಅಸೋಸಿಯೇಷನ್’ ಎಂದು ಕರೆದುಕೊಂಡದ್ದು ಎಲ್ಲ ಅಲ್ಲಿ ದಾಖಲಾಗಿದೆ. ಕಾಳಿ ಪೂಜೆಯ ಕುಂಬಳಕಾಯಿ ಬಲಿಯನ್ನೂ ವರದಿ ಬಿಟ್ಟಿಲ್ಲ. ಪೂಜೆಯ ರೂಢಿಯ ಬಿಳಿ ಕುಂಬಳವನ್ನೇ ಹುಡುಗರು ಕಡಿಯುತ್ತಿದ್ದರಂತೆ, ಬಿಳಿಯರ ಲೆಕ್ಕದಲ್ಲಿ. ಆಯುಧಪೂಜೆಗೆ ಬೂದುಗುಂಬಳ ಒಡೆಯುವ ನಮಗೆ ಈ ತುಂಟತನ ವಿವರಿಸಬೇಕಾಗಿಲ್ಲ. 1914ರಲ್ಲಿ ಕ್ರಾಂತಿಕಾರಿ ರಾಸಬಿಹಾರಿ ಬೋಸ್ ಬನಾರಸಿನಲ್ಲಿ ತಲೆಮರೆಸಿಕೊಂಡಿದ್ದರು. ನವೆಂಬರ್ 18ರ ರಾತ್ರಿ ಬಾಂಬಿನ ಕ್ಯಾಪುಗಳನ್ನು ಪರೀಕ್ಷಿಸುವಾಗ ಸ್ಫೋಟವಾಗಿ ಅವರಿಗೂ ಸಾನ್ಯಾಲರಿಗೂ ಗಾಯವಾಯಿತು. ಆಮೇಲೆ ಬೋಸರು ಮನೆ ಬದಲಿಸಿ ಬಂಗಾಲಿ ಟೋಲಾಕ್ಕೇ ಬಂದರು. ಬಂಗಾಳಿ ಮಾತಾಡುವ ಹೊಸಬನೊಬ್ಬ ಯಾರ ಕಣ್ಣಿಗೂ ಬೀಳದೆ ಇರಬಹುದಾದ ಜಾಗ ಆ ಊರಿನಲ್ಲಿ ಬೇರೆ ಯಾವುದಿತ್ತು? ಇದೇ ಕಥೆಯ ಇನ್ನೊಂದು ಮಗ್ಗುಲು ಸಾನ್ಯಾಲರ ‘ಬಂದಿ ಜೀವನ’ದಲ್ಲಿದೆ. ವರದಿಯನ್ನೂ ಆತ್ಮಕಥನವನ್ನೂ ಒಟ್ಟಿಗೆ ಓದಬೇಕು.

ಸಮುದಾಯ ತನ್ನ ಬಗ್ಗೆ ತಾನೇ ಬರೆದುಕೊಳ್ಳತೊಡಗಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಜ್ಞಾನೇಂದ್ರಮೋಹನ ದಾಸರು 1915ರಲ್ಲಿ ಬಂಗಾಳದ ಹೊರಗಿನ ಬಂಗಾಳಿಗಳ ಬೃಹತ್ ಚರಿತ್ರೆ ತಂದರು. ಉತ್ತರ ಭಾರತದ ಊರೂರಿನ ಬಂಗಾಳಿಗಳನ್ನು ಹುಡುಕಿ ಹೆಸರು, ಕೆಲಸ, ದಾನಧರ್ಮ ಬರೆದಿಟ್ಟ ಕೃತಿ ಅದು. ಇದರಲ್ಲಿ ಬರುವವರೆಲ್ಲ ವಕೀಲರು, ಡಾಕ್ಟರು, ಹೆಡ್‌ಮಾಸ್ತರು. ಅಡುಗೆಯ ಬಾಮುನ, ಮೀನು ಮಾರುವವಳು ಕಾಣಿಸುವುದಿಲ್ಲ. ಆದರೂ ಈ ದಾರಿಯಲ್ಲಿ ಅಷ್ಟು ಶ್ರಮಪಟ್ಟವರು ಆಮೇಲೂ ಕಡಿಮೆ. 1923ರಲ್ಲಿ ಪ್ರವಾಸಿ ಬಂಗ ಸಾಹಿತ್ಯ ಸಮ್ಮೇಳನದ ಮೊದಲ ಅಧಿವೇಶನ ಕಾಶಿಯಲ್ಲೇ ನಡೆಯಿತು, ಅಧ್ಯಕ್ಷತೆ ರವೀಂದ್ರನಾಥ ಠಾಕೂರರದು. 1925ರಿಂದ ‘ಉತ್ತರಾ’ ಎಂಬ ಬಂಗಾಳಿ ಮಾಸಪತ್ರಿಕೆ ಇಲ್ಲಿಂದ ಹೊರಟಿತು. ಕೇರಿಯ ಆತ್ಮವಿಶ್ವಾಸ ತುಂಬಿ ಹರಿದ ದಶಕ ಅದು.

ಈ ಹೊಳಪಿನ ಬರಹಗಳು ಮುಟ್ಟದೇ ಬಿಟ್ಟದ್ದು ವಿಧವೆಯರನ್ನು. ದಾಯಭಾಗ ಎಂಬ ಉತ್ತರಾಧಿಕಾರ ಪದ್ಧತಿಯ ಬಂಗಾಳದಲ್ಲಿ ಮಕ್ಕಳಿಲ್ಲದ ವಿಧವೆಗೆ ಗಂಡನ ಆಸ್ತಿಯಲ್ಲಿ ಜೀವಮಾನದ ಹಕ್ಕಿತ್ತು. ಆಕೆಯನ್ನು ಕಾಶೀವಾಸದ ಪುಣ್ಯದ ಹೆಸರಿನಲ್ಲಿ ಕಳುಹಿಸಿ, ತಿಂಗಳಿಗಿಷ್ಟು ಎಂದು ಮನಿಯಾರ್ಡರ್ ಮಾಡುವುದು ಮನೆಯವರಿಗೆ ಅನುಕೂಲವಾಗಿತ್ತು. ಕೆಲವು ವರ್ಷಕ್ಕೆ ಮನಿಯಾರ್ಡರ್ ತೆಳ್ಳಗಾಗಿ, ಆಮೇಲೆ ನಿಲ್ಲುತ್ತಿತ್ತು. 1900ರಲ್ಲಿ ಜಾಮಿನಿರಂಜನ ಮಜುಂದಾರ್ ಎಂಬ ಯುವಕ ಗಲ್ಲಿಯಲ್ಲಿ ಸಾಯಲು ಬಿದ್ದಿದ್ದ ಮುದುಕಿಯೊಬ್ಬಳನ್ನು ಕಂಡು, ದಾರಿಹೋಕರನ್ನು ಬೇಡಿ ನಾಲ್ಕಾಣೆ ಪಡೆದು ಉಪಚರಿಸಿದ. ಅವನೂ ಚಾರುಚಂದ್ರ ದಾಸ್ ಮೊದಲಾದ ಗೆಳೆಯರೂ ಸೇರಿ ಕಟ್ಟಿದ ಪುಟ್ಟ ಸಂಘವೇ ಇಂದು ಲಕ್ಸಾದಲ್ಲಿರುವ ರಾಮಕೃಷ್ಣ ಮಿಷನ್ ಸೇವಾಶ್ರಮ.

ಕಾಶಿಯ ಬಂಗಾಳಿ ಬದುಕು ಕನ್ನಡಿಗರಿಗೆ ಪರಿಚಯವಾದದ್ದು ಇಂಥ ದಾಖಲೆಗಳಿಂದಲ್ಲ, ಅಹೋಬಲ ಶಂಕರರಂಥವರು ತಂದುಕೊಟ್ಟ ಬಂಗಾಳಿ ಕಾದಂಬರಿಗಳಿಂದ, ಮತ್ತೆ ಸಿನಿಮಾದಿಂದ. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ (1956) ಗಂಗೆಯ ಸೇತುವೆ ದಾಟುವ ರೈಲಿನಿಂದ ಶುರುವಾಗುತ್ತದೆ. ಹರಿಹರ ಘಾಟಿನಲ್ಲಿ ಪುರಾಣ ಓದಿ ಸಂಸಾರ ಸಾಗಿಸುತ್ತಾನೆ. ಅವನು ಸತ್ತ ಮೇಲೆ ಹೆಂಡತಿ ಸರ್ವಜಯಾ ಉಳ್ಳವರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ದಾಸರ ಸಂಪುಟ ಬಿಟ್ಟ ಅಡುಗೆಮನೆಯನ್ನು ರಾಯ್ ತೋರಿಸಿದರು. 1979ರ ‘ಜೊಯ್ ಬಾಬಾ ಫೆಲುನಾಥ್’ ಅದೇ ಗಲ್ಲಿಗಳನ್ನು ಪತ್ತೇದಾರಿ ಆಟಕ್ಕೆ ಬಳಸಿಕೊಂಡಿತು.

ಕೇರಿ ಇಳಿಮುಖವಾದದ್ದಕ್ಕೆ ಕಾಲ ಕೆಟ್ಟಿತು ಎಂದು ಹಳಬರು ನಿಟ್ಟುಸಿರು ಬಿಡುತ್ತಾರೆ. ಲೆಕ್ಕಪತ್ರ ನೋಡಿದರೆ ಕಾರಣ ಸರಳ. ಅನ್ನಛತ್ರ, ಘಾಟು, ಗುಡಿಗಳನ್ನು ಸಾಕುತ್ತಿದ್ದುದು ಬಂಗಾಳದ ಜಮೀನ್ದಾರಿ ದುಡ್ಡು. 1947ರ ವಿಭಜನೆಯಲ್ಲಿ ನಾಟೋರ್, ದಿಗ್ಪತಿಯಾಗಳಂಥ ಸಂಸ್ಥಾನಗಳು ಪೂರ್ವ ಪಾಕಿಸ್ತಾನಕ್ಕೆ ಹೋದವು. 1950ರ ಕಾಯ್ದೆ ಅಲ್ಲಿನ ಜಮೀನ್ದಾರಿಯನ್ನೇ ತೆಗೆದುಹಾಕಿತು. ಕಾಶಿಯಲ್ಲಿ ದಿಗ್ಪತಿಯಾ ಘಾಟ್ ಇನ್ನೂ ಇದೆ. ಆ ರಾಜರ ಅರಮನೆ ಈಗ ಬಾಂಗ್ಲಾದೇಶ ಸರ್ಕಾರದ ‘ಉತ್ತರಾ ಗಣಭವನ’.

ವಿದ್ವಾಂಸರು ಬಂದದ್ದು ಆಮೇಲೆ. ಮೋತಿಚಂದ್ರರ ಹಿಂದಿ ‘ಕಾಶೀ ಕಾ ಇತಿಹಾಸ್’ 1962ರಲ್ಲಿ ಬಂತು. ಸುರಜಿತ್ ಸಿನ್ಹಾ ಮತ್ತು ವೈದ್ಯನಾಥ ಸರಸ್ವತಿ 1978ರಲ್ಲಿ ಕಾಶಿಯ ಸಂನ್ಯಾಸಿಗಳ ಅಧ್ಯಯನ ಪ್ರಕಟಿಸಿದರು. ಸರಸ್ವತಿಯವರು ಕಾಶೀವಾಸಿ ವಿಧವೆಯರ ಬಗ್ಗೆಯೂ ಬರೆದರು. ಡಯಾನಾ ಎಕ್ ಅವರ 1982ರ ಪುಸ್ತಕ ತೀರ್ಥಕ್ಷೇತ್ರವಾಗಿ ಕಾಶಿಯನ್ನು ಜಗತ್ತಿಗೆ ಪರಿಚಯಿಸಿತು. ಚೆಂದದ ಪುಸ್ತಕವೇ, ಆದರೆ ಪುರಾಣದ ಕಾಶಿಯ ಮುಂದೆ ಬಾಡಿಗೆ ಮನೆಗಳ ಕಾಶಿ ಅದರಲ್ಲಿ ಮಂಕು. ಕುಶಲಕರ್ಮಿಗಳನ್ನೂ ಶಾಲೆಗಳನ್ನೂ ಹಿಡಿದು ಬರೆದ ನೀತಾ ಕುಮಾರ್ ಅವರೇ ನನಗೆ ಹೆಚ್ಚು ಹತ್ತಿರ.

ಈ ಎಲ್ಲ ಬರಹಗಳಲ್ಲೂ ತೀರಾ ಕಡಿಮೆ ಸಿಗುವುದು ಆಡುಮಾತು. ಅದಕ್ಕಾಗಿ ದನಿಯೆತ್ತುವವರೂ ಇಲ್ಲ. ಕಾಸರಗೋಡಿನ ಕನ್ನಡಿಗರಿಗೆ ಚಿರಪರಿಚಿತವಾದ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ ದಶಕಗಳ ಕಾಲ ಇದ್ದದ್ದು ಕಾಶಿಯ ನೆರೆಯ ಅಲಹಾಬಾದಿನಲ್ಲೇ. ಕಾಸರಗೋಡಿನವರು ಅದಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದರು, ಏಕೆಂದರೆ ಅವರದು ಗಡಿಯ ತಗಾದೆ. ಬಂಗಾಲಿ ಟೋಲಾಕ್ಕೆ ಯಾವ ಗಡಿಯೂ ಇಲ್ಲ; ಯಾವ ರಾಜ್ಯವೂ ಅದನ್ನು ನಮ್ಮದೆನ್ನುವುದಿಲ್ಲ. ಬೇರೆಡೆ ಇಂಥ ಸಣ್ಣ ನುಡಿಗಳನ್ನೂ ದಾಖಲಿಸಿದ್ದಾರೆ: ಬೆಲಾರೂಸ್‌ನ ಲಜೂನಾಯ್ ಎಂಬ ಸಣ್ಣ ಊರಿನ ಸುತ್ತ ಬೆರಳೆಣಿಕೆಯ ಮಂದಿ ಆಡುತ್ತಿದ್ದ ಲಿಥುವೇನಿಯನ್ ಉಪಭಾಷೆಗೆ 1985ರಲ್ಲಿ ವಿಲ್ನಿಯಸ್‌ನಲ್ಲಿ ಒಂದು ನಿಘಂಟೇ ಅಚ್ಚಾಯಿತು. ಎರಡೂವರೆ ಶತಮಾನ ಹಿಂದಿಯ ಪಕ್ಕದಲ್ಲಿ ಬಾಳಿದ ಕಾಶಿಯ ಬಂಗಾಳಿಗೂ ಅಂಥದೊಂದು ಕೆಲಸ ಆಗಬೇಕು. ತಡಮಾಡುವಂತಿಲ್ಲ: ಬಂಗಾಲಿ ಟೋಲಾದ ಹಳೆಯ ಶಾಲೆ ಈಗ ಉತ್ತರ ಪ್ರದೇಶ ಬೋರ್ಡಿನ ಇಂಟರ್ ಕಾಲೇಜು. ಗಲ್ಲಿಯ ಗೆಸ್ಟ್‌ಹೌಸ್‌ಗಳ ಮೇಲೆ ಜಪಾನಿ, ಕೊರಿಯನ್ ಬೋರ್ಡುಗಳಿವೆ. ಅಲ್ಲಿನ ಹಿರಿಯರನ್ನು ಕೂರಿಸಿ ಮಾತಾಡಿಸುವ ಕೆಲಸವನ್ನು ಯಾವುದಾದರೂ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗ ಕೈಗೆತ್ತಿಕೊಳ್ಳುವುದಾದರೆ ಕೇದಾರ ಘಾಟಿನ ತುದಿಯಿಂದ ಶುರುಮಾಡಲಿ. ಅಲ್ಲಿ ತಮಿಳರ ಮಠವೂ ಇರುವುದರಿಂದ ಒಂದೇ ಓಡಾಟದಲ್ಲಿ ಎರಡು ಭಾಷೆಗಳ ಕಥೆ ಸಿಗುತ್ತದೆ. ಅಲ್ಲಿಂದ ಜಂಗಮವಾಡಿಗೆ ಹೆಚ್ಚು ದೂರವಿಲ್ಲ. ಆ ಮಠದ ಮೊಘಲ್ ಫರ್ಮಾನುಗಳನ್ನು ಇತಿಹಾಸಕಾರರು ಓದಿದ್ದಾರೆ. ಅಲ್ಲಿ ಆಡುವ ಕನ್ನಡವನ್ನೂ ಕೇಳಿಕೊಂಡು ಬರಬಹುದು.