ಧಾನ್ಯವಿಲ್ಲದ ಊಟ: ಜೈನ ಮನೆಯ ಅಡುಗೆಗೆ ಹೊಂದಿಸಿಕೊಳ್ಳುವುದು ಹೇಗೆ?

ಸಕ್ಕರೆ ಕಾಯಿಲೆ, ಹೆಚ್ಚಿದ ತೂಕ, ಹೊಟ್ಟೆಯ ತೊಂದರೆ ಮೊದಲಾದ ಕಾರಣಗಳಿಂದ ಮನೆಯಲ್ಲಿ ಒಬ್ಬರು ಅನ್ನ, ಚಪಾತಿ, ಮುದ್ದೆ ಬಿಡಲು ನಿರ್ಧರಿಸುವುದು ಈಗ ಸಾಮಾನ್ಯವಾಗಿದೆ. ಇಂಥವರ ಮೊಬೈಲಿಗೆ ಬರುವ ಆಹಾರಪಟ್ಟಿಗಳಲ್ಲಿ ಅನ್ನದ ಜಾಗಕ್ಕೆ ಮೊಟ್ಟೆ, ಮಾಂಸ, ಅಣಬೆ, ಗೆಣಸು, ತುರಿದ ಹೂಕೋಸು ಬಂದು ಕೂತಿರುತ್ತವೆ. ಶ್ರಾವಕರ ಮನೆಯಲ್ಲಿ ಮೊದಲ ನಾಲ್ಕಕ್ಕೆ ಪ್ರವೇಶವಿಲ್ಲ. ಹೂಕೋಸನ್ನೂ ಅದರಲ್ಲಿರುವ ಹುಳುಗಳ ಕಾರಣಕ್ಕೆ ಅನೇಕರು ತರುವುದಿಲ್ಲ. ಹೀಗಾಗಿ ಪಟ್ಟಿಯನ್ನು ಹಾಗೇ ಅನುಸರಿಸಲು ಹೊರಟವರ ತಟ್ಟೆಯಲ್ಲಿ ಕೊನೆಗೆ ಉಳಿಯುವುದು ಸೌತೆಕಾಯಿ ಮತ್ತು ಒಂದು ಲೋಟ ಮಜ್ಜಿಗೆ.

ಧಾನ್ಯ ಎಂದರೆ ಇಲ್ಲಿ ಅಕ್ಕಿ, ಗೋಧಿ, ರಾಗಿ, ಜೋಳ, ಮೆಕ್ಕೆಜೋಳ, ಸಜ್ಜೆ ಮತ್ತು ನವಣೆ, ಸಾಮೆ, ಹಾರಕ, ಬರಗು, ಊದಲು. ಸಿರಿಧಾನ್ಯ ತಿಂದರೆ ಧಾನ್ಯ ಬಿಟ್ಟಂತೆ ಎಂದು ತಿಳಿದವರಿದ್ದಾರೆ, ಅದು ತಪ್ಪು. ನಾರು ಹೆಚ್ಚಿರಬಹುದು, ಆದರೆ ಪಿಷ್ಟದ ಲೆಕ್ಕದಲ್ಲಿ ಅವೂ ಧಾನ್ಯಗಳೇ. ರಾಜಗಿರಿ, ಸಿಂಗಾಡ ಹಿಟ್ಟು, ತಾವರೆ ಬೀಜ ಇವು ಧಾನ್ಯಗಳಲ್ಲ, ಆದರೆ ಇವುಗಳಲ್ಲೂ ಪಿಷ್ಟವೇ ಹೆಚ್ಚು. ಅನ್ನ ಬಿಟ್ಟು ರಾಜಗಿರಿ ರೊಟ್ಟಿ ಹಿಡಿದ ಮಧುಮೇಹಿಗೆ ಹೆಚ್ಚಿನ ಲಾಭವೇನೂ ಇಲ್ಲ. ಸಾಬೂದಾನಿ ಮರಗೆಣಸಿನದು, ಕಂದಮೂಲ ತ್ಯಜಿಸಿದವರಿಗೆ ಅದು ಹೇಗೂ ದೂರ.

ಬೇಳೆಕಾಳುಗಳನ್ನು ನಮ್ಮ ಭಾಷೆಯಲ್ಲಿ ದ್ವಿದಳ ಧಾನ್ಯ ಎನ್ನುವುದರಿಂದ ಗೊಂದಲವಾಗುತ್ತದೆ. ಕೆಲವು ವಿದೇಶಿ ಪದ್ಧತಿಗಳು ಬೇಳೆಯನ್ನೂ ಬಿಡಿಸುತ್ತವೆ. ಮಾಂಸ, ಮೊಟ್ಟೆ ತಿನ್ನುವವರಿಗೆ ಅದು ನಡೆಯಬಹುದು. ಜೈನ ಮನೆಯಲ್ಲಿ ಧಾನ್ಯದ ಜೊತೆ ಬೇಳೆಯನ್ನೂ ಬಿಡುವುದು ಅವಿವೇಕ.

ಏಕೆಂದರೆ ಧಾನ್ಯ ಬರೀ ಪಿಷ್ಟವಲ್ಲ. ದಿನಕ್ಕೆ ಸುಮಾರು 300 ಗ್ರಾಂ ಅಕ್ಕಿ, ಗೋಧಿ, ರಾಗಿ ಬಳಸುವವರಿಗೆ ಅದರಿಂದಲೇ ಸುಮಾರು 25 ಗ್ರಾಂ ಪ್ರೋಟೀನ್, ಸುಮಾರು 1,000 ಕ್ಯಾಲೊರಿ ಸಿಗುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. 60 ಕಿಲೋ ತೂಕದವರಿಗೆ ಅದು ದಿನಕ್ಕೆ 50 ಗ್ರಾಂ. ಅಂದರೆ ತಟ್ಟೆಯಿಂದ ಅನ್ನ, ರೊಟ್ಟಿ ತೆಗೆದಾಗ ಬೇಕಾದ ಪ್ರೋಟೀನಿನ ಅರ್ಧ ಭಾಗವೂ ಹೋಗುತ್ತದೆ. ಅದನ್ನು ತುಂಬಲು ಸುಮಾರು 100 ಗ್ರಾಂ ಒಣ ಹೆಸರುಬೇಳೆ ಅಥವಾ 130 ಗ್ರಾಂ ಪನೀರ್ ಹೆಚ್ಚುವರಿಯಾಗಿ ಬೇಕು. ರಾಗಿ ಬಿಟ್ಟವರಿಗೆ ಸುಣ್ಣದ ಅಂಶವೂ ಕಡಿಮೆಯಾಗುತ್ತದೆ. ಹಾಲು, ಮೊಸರು, ಎಳ್ಳು ಆ ಕೊರತೆ ತುಂಬಬಲ್ಲವು. ಮೊದಲ ವಾರದ ತಲೆಸುತ್ತು, ಸುಸ್ತಿಗೆ ಹೆಚ್ಚಾಗಿ ಈ ಲೆಕ್ಕ ತಪ್ಪಿದ್ದೇ ಕಾರಣ.

ಹಾಲು, ಬೇಳೆ ಎರಡನ್ನೂ ಹೆಚ್ಚಿಸುವಾಗ ದ್ವಿದಳದ ನಿಯಮ ಎದುರಾಗುತ್ತದೆ. ಬೇಳೆಕಾಳಿನ ಪದಾರ್ಥವನ್ನು ಮೊಸರು, ಮಜ್ಜಿಗೆಯೊಡನೆ ಬೆರೆಸಿ ತಿನ್ನದ ಮನೆಗಳಲ್ಲಿ ಒಂದು ಹೊತ್ತು ಬೇಳೆ, ಇನ್ನೊಂದು ಹೊತ್ತು ಮೊಸರು ಅಥವಾ ಪನೀರ್ ಎಂದು ಹಂಚಿಕೊಳ್ಳುವುದೇ ಸರಳ. ನಮ್ಮ ನುಚ್ಚಿನುಂಡೆ ಧಾನ್ಯವಿಲ್ಲದ ತಿಂಡಿಗೆ ಒಳ್ಳೆಯ ಉದಾಹರಣೆ: ತೊಗರಿಬೇಳೆ, ತೆಂಗಿನಕಾಯಿ, ಸಬ್ಬಸಿಗೆ ಸೊಪ್ಪು, ಹಬೆ. ಹೊರಗೆ ಅದನ್ನು ಮಜ್ಜಿಗೆ ಹುಳಿಯ ಜೊತೆ ಬಡಿಸುತ್ತಾರೆ. ಇಲ್ಲಿ ತುಪ್ಪ, ಕಾಯಿ ಚಟ್ನಿ ಸಾಕು. ಹೆಸರುಬೇಳೆ ದೋಸೆಗೆ ಮೂರು ನಾಲ್ಕು ಗಂಟೆ ನೆನೆಸಿ ರುಬ್ಬಿ ಕೂಡಲೇ ಹುಯ್ಯಬಹುದು, ರಾತ್ರಿಯಿಡೀ ಹುಳಿ ಬರಿಸಬೇಕಿಲ್ಲ. ಹಿಂದಿನ ದಿನದ ಹಿಟ್ಟು ಬಳಸದವರಿಗೆ ಇದು ಅನುಕೂಲ. ಆಲೂಗಡ್ಡೆಯ ಜಾಗದಲ್ಲಿ ಬಾಳೆಕಾಯಿ ಎಂದಿನಂತೆ, ಆದರೆ ಮಧುಮೇಹಿಗಳು ಅದನ್ನೂ ಅಳತೆಯಲ್ಲಿ ತಿನ್ನಬೇಕು. ಅಂಗಡಿಯ ಒಣಹಣ್ಣಿನ ಮಿಶ್ರಣದಲ್ಲಿ ಅಂಜೂರ ಇರುತ್ತದೆ, ಅದು ಉದುಂಬರ ವರ್ಗದ್ದು. ಚೀಸ್ ಕೊಳ್ಳುವಾಗ ಪ್ರಾಣಿಜನ್ಯ ರೆನೆಟ್ ಬಳಸಿದೆಯೇ ಎಂದು ಓದಿ ನೋಡಬೇಕು. ಪನೀರ್ ಅನ್ನು ನಿಂಬೆರಸ ಹಿಂಡಿ ಮನೆಯಲ್ಲೇ ಮಾಡಿಕೊಳ್ಳುವುದು ನಿಶ್ಚಿಂತೆ.

ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಡುವ ಮನೆಗಳಲ್ಲಿ ಆ ದಿನದ ಊಟವೆಂದರೆ ಅನ್ನ, ಬೇಳೆ. ಧಾನ್ಯವೂ ಇಲ್ಲ, ತರಕಾರಿಯೂ ಇಲ್ಲ ಎಂದಾದರೆ ಬೇಳೆ, ಒಣಕಾಳು, ಹಾಲು, ಬಾದಾಮಿಗಳಷ್ಟೇ ಆಧಾರ. ಅದರ ಮೇಲೆ ಹಾಲು, ತುಪ್ಪ ಬಿಡುವ ರಸಪರಿತ್ಯಾಗವೂ ಸೇರಿದರೆ ಅಂದು ಅರೆ ಉಪವಾಸವೇ ಸರಿ. ವ್ರತವಾಗಿ ಅದು ಬೇರೆ ಮಾತು. ಪಥ್ಯದ ಹೆಸರಿನಲ್ಲಿ ಎರಡನ್ನೂ ಒಟ್ಟಿಗೆ ಹೇರಿಕೊಳ್ಳಬಾರದು.

ರಾತ್ರಿಭೋಜನ ತ್ಯಾಗ ಮತ್ತು ಮಾತ್ರೆ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಸೂರ್ಯಾಸ್ತಕ್ಕೆ ಮುನ್ನ, ಸಂಜೆ ಆರರ ಸುಮಾರಿಗೆ ಊಟ ಮುಗಿಸಿದ ಹಿರಿಯರು ಮತ್ತೆ ತಿನ್ನುವುದು ಬೆಳಿಗ್ಗೆ ಏಳೂವರೆಗೆ. ನಡುವೆ ಹದಿಮೂರು ಗಂಟೆಗೂ ಹೆಚ್ಚು ಅಂತರ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಪ್ರಮಾಣವನ್ನು ಅನ್ನ, ಮುದ್ದೆ ತಿನ್ನುತ್ತಿದ್ದ ಕಾಲದಲ್ಲಿ ನಿಗದಿ ಮಾಡಿರುತ್ತಾರೆ. ಊಟದಿಂದ ಧಾನ್ಯ ಹೋಗಿ ಮಾತ್ರೆ ಹಾಗೇ ಉಳಿದರೆ ನಡುರಾತ್ರಿ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ತಡಬಡಿಸುವ ಮಾತು, ಗೊಂದಲ ಇದರ ಲಕ್ಷಣಗಳು. ನಿದ್ದೆಯಲ್ಲಿದ್ದವರಿಗೆ ತಿಳಿಯದೆಯೂ ಹೋಗಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರಿಗೆ ಬೇರೆಯದೇ ಅಪಾಯ: ಪಿಷ್ಟ ತೀರಾ ಕಡಿಮೆಯಾದರೆ, ರಕ್ತದ ಸಕ್ಕರೆ ಹೆಚ್ಚು ಏರದಿದ್ದರೂ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರುವಂತಾಗಬಹುದು.

ಆದ್ದರಿಂದ ಮೊದಲು ವೈದ್ಯರು, ಆಮೇಲೆ ಅಡುಗೆಮನೆ. ಸಂಜೆ ಎಷ್ಟು ಗಂಟೆಗೆ ಊಟ ನಿಲ್ಲುತ್ತದೆ, ರಾತ್ರಿ ನೀರು ಉಂಟೋ ಇಲ್ಲವೋ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು, ಕೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಪ್ರಮಾಣ ಸರಿಪಡಿಸಿಕೊಂಡರೆ ನಿಯಮಕ್ಕೂ ಭಂಗವಿಲ್ಲ. ಆದರೂ ಸಕ್ಕರೆ 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಯಮ ತೆಗೆದುಕೊಳ್ಳುವಾಗಲೇ ಔಷಧಿ ಮತ್ತು ನೀರಿಗೆ ಅವಕಾಶ ಇಟ್ಟುಕೊಳ್ಳುವ ಶ್ರಾವಕರು ಅನೇಕ. ಹಾಗೆ ಇಟ್ಟುಕೊಂಡಿಲ್ಲದ ಅಜ್ಜ ಅಜ್ಜಿಯರ ಜೊತೆ ಮನೆಯವರು ಈ ಮಾತನ್ನು ಹಗಲಿನಲ್ಲೇ ಆಡಿ ಮುಗಿಸಬೇಕು. ನಡುಗುತ್ತಿರುವ ಹೊತ್ತಿನಲ್ಲಿ ಚರ್ಚೆಗೆ ಸಮಯವಿರುವುದಿಲ್ಲ.

ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆಯ ಶಂಕೆಯಿಂದ ಎಲ್ಲ ಧಾನ್ಯ ಬಿಡುವವರಿದ್ದಾರೆ. ಅದರ ಅಗತ್ಯವಿಲ್ಲ. ಗೋಧಿ, ಜವೆಗೋಧಿ, ರೈ ಬಿಟ್ಟರಾಯಿತು. ಅಕ್ಕಿ, ರಾಗಿ, ಜೋಳ ತಿನ್ನಬಹುದು. ರಕ್ತ ಪರೀಕ್ಷೆಗೆ ಮುಂಚೆಯೇ ಗೋಧಿ ನಿಲ್ಲಿಸಿದರೆ ಕಾಯಿಲೆಯಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ನಮ್ಮ ಒಗ್ಗರಣೆಗೆ ಇಂಗು ಬೇಕೇ ಬೇಕು. ಅಂಗಡಿಯ ಇಂಗಿಗೆ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ಸೀಲಿಯಾಕ್ ಇರುವವರಿಗೆ ಅಷ್ಟೂ ಆಗದು.

ಮನೆಮಂದಿಯೆಲ್ಲ ಒಟ್ಟಿಗೆ ಬದಲಾಗಬೇಕಿಲ್ಲ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಈ ಪದ್ಧತಿ ಬೇಡ. ಮೂತ್ರಪಿಂಡದ ತೊಂದರೆ ಇರುವವರು ಬೇಳೆ, ಪನೀರ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಅದೇ ಸಾರು, ಅದೇ ಪಲ್ಯ ಮಾಡಿ, ಒಬ್ಬರ ತಟ್ಟೆಗೆ ಅನ್ನದ ಬದಲು ಗಟ್ಟಿ ತೊವ್ವೆ ಮತ್ತು ಎರಡು ಪಾಲು ಪಲ್ಯ ಬಡಿಸಿದರೆ ಒಲೆಯ ಮೇಲೆ ಎರಡು ಅಡುಗೆ ಇಡಬೇಕಾಗುವುದಿಲ್ಲ. ಮೊದಲ ಹದಿನೈದು ದಿನ ಮಧ್ಯಾಹ್ನ ಮಾತ್ರ ಧಾನ್ಯ ಬಿಟ್ಟು, ಸಂಜೆಯ ಊಟದಲ್ಲಿ ಒಂದು ಹಿಡಿ ಅನ್ನವೋ ಅರ್ಧ ಮುದ್ದೆಯೋ ಉಳಿಸಿಕೊಂಡು, ಬೆಳಗಿನ ಸಕ್ಕರೆ ಬರೆದಿಡುತ್ತಾ ಹೋಗುವುದು ಕ್ಷೇಮ. ಅನೇಕರಿಗೆ ಅಷ್ಟರಲ್ಲೇ ಸಕ್ಕರೆ ಹತೋಟಿಗೆ ಬರಬಹುದು. ಬಂದರೆ ಆ ಒಂದು ಹಿಡಿ ಅನ್ನವನ್ನು ಬಿಡುವ ಅಗತ್ಯವೇ ಇಲ್ಲ.