ಕರೆಂಟ್

ಲ್ಯಾಟಿನ್ನಿನಲ್ಲಿ 'ಕುರ್ರೆರೆ' ಎಂದರೆ ಓಡುವುದು. ಅದರಿಂದ ಹುಟ್ಟಿದ ಈ ಪದಕ್ಕೆ ಇಂಗ್ಲಿಷಿನಲ್ಲಿ ನೀರಿನ ಸೆಳವು, ವಿದ್ಯುತ್ತು, ಸದ್ಯದ್ದು ಹೀಗೆ ಹಲವು ಅರ್ಥ. ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಹರಿಗೋಲನ್ನು ಗಿರಕಿ ಹೊಡೆಸುವ ಕಾವೇರಿಯದು ಮೊದಲನೆಯ ಕರೆಂಟು. ಆದರೆ ಕನ್ನಡದಲ್ಲಿ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ. ಅದೇ ನೀರು ಕೆಳಗೆ ಸೇಲಂ ಜಿಲ್ಲೆಯ ಮೆಟ್ಟೂರಿಗೆ ಇಳಿದು, 1934ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಬುಡದಲ್ಲಿ ಟರ್ಬೈನ್ ತಿರುಗಿಸಿದ ಮೇಲಷ್ಟೇ ನಮ್ಮ ಬಾಯಲ್ಲಿ ಕರೆಂಟ್ ಆಗುವುದು.

ಆಮೇಲೆ ಅದರ ದರ್ಬಾರು ನೋಡಬೇಕು! ಕರೆಂಟ್ ಬರುತ್ತದೆ, ಹೋಗುತ್ತದೆ, ಕೈ ಇಟ್ಟರೆ ಹೊಡೆಯುತ್ತದೆ. ಹಳೆಯ ಮೋಟಾರು ಅದನ್ನು ಜಾಸ್ತಿ 'ಎಳೆಯುತ್ತದೆ'. ಸೇಲಂ ಸೀಮೆಯಲ್ಲಿ ಮನೆಮಾತಾಗಿ ಕನ್ನಡ ಉಳಿಸಿಕೊಂಡ ದೇವಾಂಗ ನೇಕಾರರಿದ್ದಾರೆ. ಪವರ್‌ಲೂಮ್ ಇರುವ ಬೀದಿಯಲ್ಲಿ ಕರೆಂಟ್ ಹೋಯಿತೆಂದು ಯಾರೂ ಹೇಳಬೇಕಿಲ್ಲ, ಲಾಳಿಯ ಸದ್ದು ನಿಂತು ಪಕ್ಕದ ಮನೆಯ ಮಾತು ಕೇಳಿಸತೊಡಗುತ್ತದೆ. ತಮಿಳಿನ 'ಮಿನ್ಸಾರಂ', ಕನ್ನಡದ 'ವಿದ್ಯುತ್' ಎರಡೂ ಹೆಚ್ಚಾಗಿ ಕಾಗದದ ಮೇಲಿನ ಮಾತುಗಳು.

'ಸದ್ಯದ್ದು' ಎಂಬ ಅರ್ಥ ರೈಲ್ವೆಯ ಕರೆಂಟ್ ಬುಕಿಂಗ್, ಬ್ಯಾಂಕಿನ ಕರೆಂಟ್ ಅಕೌಂಟುಗಳಲ್ಲಿ ಬಂದು ಕೂತಿದೆ. ಎರಡನೆಯದನ್ನು 'ಚಾಲ್ತಿ ಖಾತೆ' ಎಂದವರು ಜಾಣರೇ ಸರಿ. 'ಚಾಲ್ತಿ'ಯ ಬೇರಿನಲ್ಲೂ ಇರುವುದು ಚಲನೆಯೇ.